ರುದ್ರಮುನಿ ಮೇಷ್ಟ್ರ ಅಳತೆಗೋಲು

ಶ್ಯಾನುಭೋಗ ಈ ಸಲವೂ ಇಲ್ಲ ಅಂದುಬಿಟ್ಟ.

ಶ್ಯಾನುಭೋಗ ಅಂದರೆ ರುಮಾಲು ಸುತ್ತಿ, ಕಿವಿಗೆ ಲೇಖನಿ ಸಿಕ್ಕಿಸಿಕೊಂಡ ಮನುಷ್ಯ ಎಂದುಕೊಳ್ಳಬೇಡಿ. ಅದು ವಿಮಾ ಕಂಪನಿಯ ಮಂಜೂರಾತಿ ಯಂತ್ರ. ಎಲ್ಲಿದೆ, ಹೇಗಿದೆ, ಕಂಡವರಿಲ್ಲ. ದುರ್ಗದ ಸ್ಕ್ಯಾನಿಂಗ್ ಸೆಂಟರೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಹದಿನೆಂಟು ವರ್ಷದಿಂದ ಕೂತಿರುವ ವನಜಾಕ್ಷಿಗೆ ಕಾಣುವುದು ಅದರ ಉತ್ತರ ಮಾತ್ರ. ಪರದೆಯ ಮೇಲೆ ಹಸಿರು ಪಟ್ಟಿ ಬಂದರೆ ಒಪ್ಪಿದ, ಕೆಂಪು ಬಂದರೆ ಒಲ್ಲೆ ಅಂದ. ಕೆಂಪಿನ ಕೆಳಗೆ ಒಂದೇ ಸಾಲಿನ ಕಾರಣ ಇರುತ್ತದೆ. ಎಲ್ಲದಕ್ಕೂ ಕೊಕ್ಕೆ ಹಾಕುವ ಅದರ ಬುದ್ಧಿ ನೋಡಿ ವನಜಾಕ್ಷಿಯೇ ಆ ಹೆಸರಿಟ್ಟಿದ್ದು. ಈಗ ಇಡೀ ಸೆಂಟರು ಹಾಗೆಯೇ ಕರೆಯುತ್ತದೆ.

ಇವತ್ತಿನ ಸಾಲು ಹೀಗಿತ್ತು: ‘ಈ ದೇಹ ಈ ಕಾರ್ಡಿನದಲ್ಲ.’

“ನಾನಲ್ದೆ ಇನ್ಯಾರವ್ವ ಇದು?” ಎಂದಳು ಪಾಲಮ್ಮ.

ನೂಲಿನ ಗಿರಣಿಯಲ್ಲಿ ದಾರದ ಎಳೆ ಗಂಟು ಹಾಕುವ ಕೆಲಸದವಳು. ಎರಡು ತಿಂಗಳಿಂದ ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕತ್ತಿನ ಮೂಳೆಗಳ ನಡುವೆ ನರ ಸಿಕ್ಕಿಕೊಂಡಿದೆ, ಮೂರು ವಾರದೊಳಗೆ ಸ್ಕ್ಯಾನ್ ಮಾಡಿ ಆಪರೇಷನ್ ಮಾಡದಿದ್ದರೆ ಕೈ ಹೋಗುತ್ತದೆ, ಆಮೇಲೆ ಕಾಲೂ ಹೋಗಬಹುದು ಎಂದು ಡಾಕ್ಟರು ಬರೆದಿದ್ದರು. ಅರ್ಜಿಗೆ ಅವಳು ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಸಹಿ ಮಾಡಿದ್ದಳು. ಹಿಂದೆ ನಿಂತಿದ್ದ ತಮ್ಮ ಓಬಳೇಶ ಗಿರಣಿಯ ಬಸ್ಸಿನ ಡ್ರೈವರು. ಅಕ್ಕನ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ.

ದೇಹಕ್ಕೂ ಕಾರ್ಡಿಗೂ ತಾಳೆ ನೋಡುವ ಈ ಕಥೆ ಶುರುವಾಗಿ ಎರಡು ವರ್ಷವಾಯಿತು. ನಮ್ಮ ಹಲ್ಲಿನ ಬೇರಿನ ಸುತ್ತ ವರ್ಷಕ್ಕೊಂದು ತೆಳುವಾದ ಪದರ ಕೂಡುತ್ತದೆ, ಮರದ ಕಾಂಡದೊಳಗೆ ಉಂಗುರ ಕೂಡಿದ ಹಾಗೆ. ಹಿಂದೆಲ್ಲ ಅದನ್ನು ಎಣಿಸಬೇಕಾದರೆ ಹಲ್ಲು ಕಿತ್ತು, ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕಿತ್ತು. ಹೊಸ ಸ್ಕ್ಯಾನರಿಗೆ ಅದೇನೂ ಬೇಡ. ಚೌಕಟ್ಟಿನ ಮೇಲೆ ಗದ್ದ ಇಟ್ಟು ಆರು ಸೆಕೆಂಡು ಅಲುಗಾಡದೆ ಕೂತರೆ ಸಾಕು, ನೀವು ಹುಟ್ಟಿದ ವರ್ಷ, ಹೆಚ್ಚುಕಡಿಮೆ ತಿಂಗಳು ಸಮೇತ ಹೇಳಿಬಿಡುತ್ತದೆ. ಜನ ಅದನ್ನು ಹಲ್ಲಿನ ಜಾತಕ ಅಂದರು. ಒಬ್ಬರ ಕಾರ್ಡಿನಲ್ಲಿ ನಾಲ್ಕು ಜನ ಸ್ಕ್ಯಾನ್ ಮಾಡಿಸಿಕೊಳ್ಳುವ ಕಾಟಕ್ಕೆ ಬೇಸತ್ತಿದ್ದ ವಿಮಾ ಕಂಪನಿ ಇದನ್ನು ಕಣ್ಣಿಗೊತ್ತಿಕೊಂಡಿತು. ಮೊದಲು ಹಲ್ಲಿನ ಚಿತ್ರ, ಆಮೇಲೆ ಬೇಕಾದ ಸ್ಕ್ಯಾನು. ಹಲ್ಲು ಹೇಳುವ ವಯಸ್ಸಿಗೂ ಕಾರ್ಡು ಹೇಳುವ ವಯಸ್ಸಿಗೂ ಆರು ತಿಂಗಳಿಗಿಂತ ಹೆಚ್ಚು ಅಂತರ ಬಂದರೆ ಬಾಗಿಲು ಬಂದ್.

ಪಾಲಮ್ಮನ ಕಾರ್ಡಿನ ಪ್ರಕಾರ ಅವಳಿಗೆ ಐವತ್ತೆಂಟು. ಹಲ್ಲಿನ ಪ್ರಕಾರ ಅರವತ್ತು ದಾಟಿ ಎಂಟು ತಿಂಗಳು.

“ವಯಸ್ಸು ತಿದ್ದಿಸಿದ್ರೆ ಆಗಲ್ವಾ ಮೇಡಂ?” ಎಂದು ಓಬಳೇಶ ಕೇಳಿದ.

ಹೋದ ವರ್ಷ ಇದೇ ಮಾತನ್ನು ವನಜಾಕ್ಷಿಯೇ ಇನ್ನೊಬ್ಬರಿಗೆ ಹೇಳಿದ್ದಳು. ಹಿರಿಯೂರಿನ ಕಡೆಯ ಒಬ್ಬ ಮುದುಕ, ಪಾಪ, ಅವಳ ಮಾತು ನಂಬಿ ಪ್ರಮಾಣಪತ್ರ ಮಾಡಿಸಿ ನಿಜವಾದ ವಯಸ್ಸು ಬರೆದುಕೊಟ್ಟ. ಮೊದಲು ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಅಂತ ಶ್ಯಾನುಭೋಗ ಅವನ ಪಾಲಿಸಿಯನ್ನೇ ರದ್ದು ಮಾಡಿದ. ಆ ಮನುಷ್ಯ ಬೈಯಲಿಲ್ಲ, ಜಗಳ ಆಡಲಿಲ್ಲ, ಕೈಮುಗಿದು ಹೋದ. ಅದು ಅವಳನ್ನು ಇವತ್ತಿಗೂ ಸುಡುತ್ತಿತ್ತು.

“ಅದೊಂದು ಮಾತ್ರ ಮಾಡಬೇಡಿ,” ಎಂದಳು. “ನನಗೆ ನಾಲ್ಕು ದಿನ ಕೊಡಿ. ಏನಾದ್ರೂ ದಾರಿ ಹುಡುಕ್ತೀನಿ.”

ಹಾಗೆ ಹೇಳುವಾಗ ಅವಳಿಗೆ ಯಾವ ದಾರಿಯೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಅತ್ತೆ ತಿಪ್ಪಕ್ಕ ರೊಟ್ಟಿ ತಟ್ಟುತ್ತಿದ್ದಳು. ವನಜಾಕ್ಷಿ ತಟ್ಟೆ ಮುಂದಿಟ್ಟುಕೊಂಡು ಚಟ್ನಿ ಮುಟ್ಟದೆ ಕೂತಿದ್ದಳು.

“ಏನೇ, ಸೆಂಟರನ್ನ ತಲೆ ಮೇಲೆ ಹೊತ್ಕಂಡು ಬಂದೀಯಾ?” ಎಂದಳು ಅತ್ತೆ.

“ಅತ್ತೆ, ನೀವು ಹುಟ್ಟಿದ್ದು ಯಾವತ್ತು?”

“ಜೂನ್ ಒಂದು.”

“ನಿಜವಾಗ್ಲೂ?”

“ನಿಜವಾಗ್ಲೂ ಅಂದ್ರೆ ಅವರೆಕಾಯಿ ಕಾಲ್ದಾಗೆ. ನಮ್ಮವ್ವ ಅವರೆಕಾಯಿ ಸುಲೀತಾ ಇದ್ಲಂತೆ, ಹೊಟ್ಟೆನೋವು ಬಂತಂತೆ. ಜೂನ್ ಒಂದು ಮೇಷ್ಟ್ರು ಬರ್ದಿದ್ದು. ಸ್ಕೂಲು ಶುರುವಾಗಾದು ಜೂನ್‌ನಾಗಲ್ವಾ? ಎಲ್ಲಾರ್ಗೂ ಅದೇ ತಾರೀಕು.”

“ತಾರೀಕು ಸರಿ. ವರ್ಷ ಹೆಂಗೆ ಬರೀತಿದ್ರು?”

ತಿಪ್ಪಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಮ್ಮಗಳು ಸಿರಿಯನ್ನು ಹತ್ತಿರ ಕರೆದಳು. “ಬಾರೇ ಇಲ್ಲಿ. ಬಲಗೈ ಎತ್ತು. ತಲೆ ಮೇಲಿಂದ ತಗಂಡು ಹೋಗಿ ಎಡಗಿವಿ ಮುಟ್ಟು ನೋಡಾನ.”

ಸಿರಿಗೆ ಐದು ವರ್ಷ. ಕೈಯನ್ನು ತಲೆಯ ಮೇಲಿಂದ ಬಳಸಿ ಎಷ್ಟು ಎಳೆದರೂ ಬೆರಳು ಕಿವಿಯ ಮೇಲೆ ಒಂದಂಗುಲ ದೂರದಲ್ಲೇ ನಿಂತಿತು. ಮೂತಿ ಊದಿಸಿಕೊಂಡಳು.

“ನೋಡ್ದಾ? ಮುಟ್ಲಿಲ್ಲ ಅಂದ್ರೆ ಇನ್ನೂ ಆರು ತುಂಬಿಲ್ಲ, ಮುಂದಿನ ವರ್ಷ ಬಾ. ಮುಟ್ತು ಅಂದ್ರೆ ಆರು, ಬರ್ಕೋ ಒಂದನೇ ಕ್ಲಾಸಿಗೆ. ಇಷ್ಟೇ ಕಣೆ ಲೆಕ್ಕ. ಹಳ್ಳೀಲಿ ಹುಟ್ಟಿದ ಸರ್ಟಿಫಿಕೇಟು ಯಾರತ್ರ ಇತ್ತು?”

ವನಜಾಕ್ಷಿಯ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಅಳತೆಗೋಲು! ಕೈಯೇ ಅಳತೆಗೋಲು, ಮೇಷ್ಟ್ರೇ ಯಂತ್ರ.

ಸೋಮವಾರ ಬೆಳಿಗ್ಗೆ ಕೌಂಟರು ತೆರೆಯುವ ಮೊದಲೇ ಅವಳು ಒಳಗಿನ ಸ್ಕ್ಯಾನ್ ಕೋಣೆಗೆ ಹೋದಳು. ಟೆಕ್ನಿಷಿಯನ್ ಇಮ್ತಿಯಾಜ್ ಯಂತ್ರವನ್ನು ಎಬ್ಬಿಸಿ, ಅದರ ಪಕ್ಕದಲ್ಲೇ ಚಹಾ ಕುಡಿಯುತ್ತ ನಿಂತಿದ್ದ.

“ಇಮ್ತಿಯಾಜ್, ಬೇಸಿಗೇಲಿ ಏಸಿ ಕೆಟ್ಟಾಗ ನಲವತ್ತು ಕ್ಲೇಮು ಒಟ್ಟಿಗೆ ಕೆಂಪಾಗಿತ್ತಲ್ಲ, ಏನು ಮಾಡಿದ್ರಿ ಆಗ?”

“ಅದಾ ವನಜಕ್ಕ? ಕೋಣೆ ಕಾದಿತ್ತು, ಯಂತ್ರ ಎಲ್ಲಾರ್ದೂ ಒಂದೊಂದು ಪದರ ಜಾಸ್ತಿ ಎಣಿಸ್ತಿತ್ತು. ಮಾಪಕ ದೋಷದ ಅರ್ಜಿ ಹಾಕ್ದೆ. ಹದಿನೇಳನೇ ನಿಯಮ. ಒಂದೇ ಮಾಪಕದಿಂದ ಬಂದ ಮೂವತ್ತು ಅಳತೆ ಒಂದೇ ಕಡೆಗೆ ವಾಲಿದ್ರೆ ಅದು ಪೇಷಂಟ್ ಮೋಸ ಅಲ್ಲ, ಮಾಪಕದ ತಪ್ಪು. ಎಷ್ಟು ವಾಲಿದೆಯೋ ಅಷ್ಟು ತಿದ್ದಿ ಓದ್ಕೋಬೇಕು ಅಂತ. ಅರ್ಧ ಗಂಟೇಲಿ ಎಲ್ಲಾ ಹಸಿರಾಯ್ತು.”

“ಮಾಪಕ ಅಂದ್ರೆ ಯಂತ್ರವೇ ಆಗಿರಬೇಕಾ?”

ಇಮ್ತಿಯಾಜ್ ಲೋಟ ಕೆಳಗಿಟ್ಟ. ಇಬ್ಬರೂ ಕೂತು ನಿಯಮವನ್ನು ಅಕ್ಷರ ಅಕ್ಷರ ಓದಿದರು. ‘ವಯಸ್ಸು, ತೂಕ, ಎತ್ತರ ಇತ್ಯಾದಿಗಳನ್ನು ಅಳೆದು ದಾಖಲಿಸುವ ಯಾವುದೇ ಮೂಲ’ ಎಂದು ಬರೆದಿತ್ತು. ಯಂತ್ರ ಎಂಬ ಪದ ಎಲ್ಲಿಯೂ ಇರಲಿಲ್ಲ.

“ಯಾ ಅಲ್ಲಾ,” ಎಂದ ಇಮ್ತಿಯಾಜ್. “ಮೇಷ್ಟ್ರನ್ನ ರಿಪೇರಿಗೆ ಹಾಕ್ತೀರಾ ವನಜಕ್ಕ?”

ತಿರಸ್ಕಾರವಾದ ಕ್ಲೇಮುಗಳ ಕಡತವನ್ನು ಅವಳು ನೆಲದ ಮೇಲೆ ಹರಡಿದಳು. ಹುಟ್ಟಿದ ದಿನದ ಪುರಾವೆಗೆಂದು ಹೆಚ್ಚಿನವರು ಶಾಲೆಯ ಟಿ.ಸಿ. ಲಗತ್ತಿಸಿದ್ದರು. ಊರಿನ ಪ್ರಕಾರ ವಿಂಗಡಿಸುತ್ತ ಹೋದಾಗ ಕರೇಗುಡ್ಡದ ಪ್ರಾಥಮಿಕ ಶಾಲೆಯವು ಪಾಲಮ್ಮನದೂ ಸೇರಿ ಒಂಬತ್ತು ಸಿಕ್ಕವು. ಒಂಬತ್ತರಲ್ಲೂ ಜೂನ್ ಒಂದು. ಒಂಬತ್ತರಲ್ಲೂ ಹಲ್ಲಿನ ವಯಸ್ಸೇ ಹೆಚ್ಚು. ಒಂಬತ್ತರ ಕೆಳಗೂ ಒಂದೇ ಸಹಿ, ಗುಂಡಗಿನ ಅಕ್ಷರದಲ್ಲಿ: ಎಸ್. ರುದ್ರಮುನಿ, ಮುಖ್ಯೋಪಾಧ್ಯಾಯರು.

ಇನ್ನು ಇಪ್ಪತ್ತೊಂದು ಬೇಕು. ಅರ್ಜಿ ತೆರೆದ ಆರು ದಿನದೊಳಗೆ ಬೇಕು. ನಿಯಮದ ಕೊನೆಯ ಸಾಲು ಓದಿದಾಗ ವನಜಾಕ್ಷಿಯ ಉತ್ಸಾಹ ಜರ್ರನೆ ಇಳಿಯಿತು. ಮೂವತ್ತಕ್ಕೆ ಒಂದು ಕಡಿಮೆಯಾದರೂ ಅರ್ಜಿ ಬಿದ್ದುಹೋಗುತ್ತದೆ, ಕೊಟ್ಟ ಅಳತೆ ಒಂದೊಂದೂ ಮೋಸವೆಂದೇ ನಿಲ್ಲುತ್ತದೆ, ಅಷ್ಟೂ ಜನರ ಕಾರ್ಡಿಗೆ ಬೀಗ. ಅಂದರೆ ಪಾಲಮ್ಮನ ಒಂದು ಕೈಗಾಗಿ ಆರಾಮವಾಗಿರುವ ಇಪ್ಪತ್ತೊಂದು ಜನ ತಮ್ಮ ವಿಮೆಯನ್ನು ಪಣಕ್ಕಿಡಬೇಕು. ಹಿರಿಯೂರಿನ ಮುದುಕ ಕೈಮುಗಿದದ್ದು ಮತ್ತೆ ಕಣ್ಣಮುಂದೆ ಬಂತು. ಆದರೂ ಅವಳು ಅರ್ಜಿ ತೆರೆದಳು.

ಅರ್ಜಿ ಯಂತ್ರಗಳಿಗೆಂದೇ ಮಾಡಿದ್ದು. ‘ಮಾಪಕದ ತಯಾರಿಕೆಯ ವರ್ಷ’ ಎಂಬಲ್ಲಿ ಮೇಷ್ಟ್ರು ಹುಟ್ಟಿದ ವರ್ಷ ಬರೆಯಬೇಕು, ‘ಬಳಕೆಯಿಂದ ತೆಗೆದ ದಿನಾಂಕ’ ಎಂಬಲ್ಲಿ ನಿವೃತ್ತಿಯ ದಿನ. ಕೊನೆಯಲ್ಲಿ ಒಂದು ಖಾನೆ: ‘ಮಾಪಕವು ದೋಷಪೂರಿತವೆಂದು ನಿರ್ವಾಹಕರ ಒಪ್ಪಿಗೆ ಸಹಿ.’ ಆ ಸಹಿ ಮೇಷ್ಟ್ರೇ ಹಾಕಬೇಕಿತ್ತು.

ಮರುದಿನ ಓಬಳೇಶ ಅವಳನ್ನು ಕರೇಗುಡ್ಡಕ್ಕೆ ಕರೆದುಕೊಂಡು ಹೋದ. ರುದ್ರಮುನಿ ಮೇಷ್ಟ್ರಿಗೆ ಎಂಬತ್ತಾರು. ಕಾಲು ಸೋತಿತ್ತು, ಗಂಟಲು ಸೋತಿರಲಿಲ್ಲ. ಅರ್ಜಿಯನ್ನು ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೆ ಓದಿದರು. ಎರಡು ಕಡೆ ಕಾಗುಣಿತ ತಪ್ಪಿದೆ ಅಂದರು. ಆಮೇಲೆ ಕೊನೆಯ ಖಾನೆಗೆ ಬಂದರು.

“ದೋಷಪೂರಿತ,” ಎಂದರು. “ಮೂವತ್ತಾರು ವರ್ಷದಲ್ಲಿ ಒಂದು ದಿನವೂ ತಡವಾಗಿ ಶಾಲೆಗೆ ಹೋದವನಲ್ಲ ನಾನು. ಈ ವಯಸ್ಸಲ್ಲಿ ನಾನು ಕೆಟ್ಟುಹೋದ ಅಳತೆಗೋಲು ಅಂತ ನಾನೇ ಸಹಿ ಹಾಕಬೇಕೇನಮ್ಮ?”

ವನಜಾಕ್ಷಿಗೆ ನಾಚಿಕೆಯಾಯಿತು. ಪಾಲಮ್ಮನ ಟಿ.ಸಿ.ಯನ್ನು ಮುಂದಿಟ್ಟಳು. ಮೇಷ್ಟ್ರು ಹೆಸರು ನೋಡಿದರು.

“ಈ ಹುಡುಗಿ ಬಾಗಿಲ ಹತ್ತಿರ ನಿಂತಿರೋಳು,” ಎಂದರು ಮೆಲ್ಲಗೆ. “ಎರಡು ವರ್ಷ ನಿಂತಿದ್ದಾಳೆ. ಬಗಲಲ್ಲಿ ತಮ್ಮ. ಅವ್ವ ಕೂಲಿಗೆ ಹೋದರೆ ಆ ಕೂಸನ್ನು ಹೊರೋರು ಯಾರು? ನಾನು ಒಳಗೆ ಮಗ್ಗಿ ಹೇಳಿಸಿದರೆ ಇವಳು ಹೊರಗೆ ಹೇಳೋಳು. ಕೊನೆಗೆ ನಾನೇ ಅವರಮ್ಮನ ಹತ್ತಿರ ಹೋಗಿ ಜಗಳ ಆಡಿ ಕರೆತಂದೆ. ಕೈ ಎತ್ತು ಅಂದೆ. ಕಿವಿ ಮುಟ್ಟೋದಿರಲಿ, ಕೈ ಕುತ್ತಿಗೆಗೇ ಬಂತು! ಎಂಟು ದಾಟಿತ್ತು ಅವಳಿಗೆ. ಎಂಟು ಅಂತ ಬರೆದರೆ ಒಂದನೇ ಕ್ಲಾಸಿಗೆ ವಯಸ್ಸು ಮೀರಿದೆ, ಆಗಲ್ಲ ಅಂತ ಸಾಹೇಬರು ವಾಪಸ್ ಕಳಿಸೋರು. ಆರು ಅಂತ ಬರೆದೆ. ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ ಹಾಗೇ ಬರೆದಿದ್ದೀನಿ. ಗಂಡುಮಕ್ಕಳೂ ಹೊಟ್ಟೆಗಿಲ್ಲದೆ ಸಣ್ಣಗಿರೋರು, ಏಳಾದರೂ ಕೈ ಮುಟ್ಟುತ್ತಿರಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಓಬಳೇಶ ತಲೆ ತಗ್ಗಿಸಿದ. ಮೇಷ್ಟ್ರಿಗೆ ಅವನ ಗುರುತು ಸಿಗಲಿಲ್ಲ, ಅವನೂ ಹೇಳಿಕೊಳ್ಳಲಿಲ್ಲ.

“ಈಗ ಆ ಕೈ ಮೇಲೇಳ್ತಿಲ್ಲ ಸಾರ್,” ಎಂದಳು ವನಜಾಕ್ಷಿ.

ಮೇಷ್ಟ್ರು ಪೆನ್ನು ಕೇಳಿದರು. ಗುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು. ಆಮೇಲೆ ಫೋನಿನ ಪುಸ್ತಕ ತರಿಸಿಕೊಂಡು ಹಳೆಯ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದರು. “ಬೋರಯ್ಯ, ನಾನು ಕಣೋ. ಶನಿವಾರ ದುರ್ಗಕ್ಕೆ ಹೋಗೋದಿದೆ. ಅಪಾಯ ಇದೆ, ಮೊದಲೇ ಹೇಳ್ತೀನಿ. ಕಾರ್ಡು ಹೋದರೂ ಹೋಗಬಹುದು. ಬರ್ತೀಯೋ ಇಲ್ವೋ?”

ಶನಿವಾರ, ಗಡುವಿನ ಕೊನೆಯ ದಿನ, ಓಬಳೇಶ ಬಾಡಿಗೆಗೆ ತಂದ ವ್ಯಾನು ಸೆಂಟರಿನ ಮುಂದೆ ನಿಂತಿತು. ಇಪ್ಪತ್ತೊಂದು ಜನ ಇಳಿದರು. ಬಿಳಿ ಕೂದಲಿನವರು, ಸಕ್ಕರೆ ಕಾಯಿಲೆಯವರು, ಮೊಮ್ಮಕ್ಕಳ ಚಿಂತೆಯವರು. ಅವರಿಗಿಂತ ಮೊದಲು ಬಂದು ಗಾಲಿಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು ಪಟ್ಟಿ ಹಿಡಿದು ಹಾಜರಿ ಕರೆದರು. “ಹಾಜರ್ ಸಾರ್” ಎಂದು ಅಷ್ಟೂ ಜನ ಒಬ್ಬೊಬ್ಬರಾಗಿ ಕೂಗಿದಾಗ ರಿಸೆಪ್ಷನ್ನಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮೂಲೆಯ ಕುರ್ಚಿಯಲ್ಲಿ ಪಾಲಮ್ಮ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಇಮ್ತಿಯಾಜ್ ಒಬ್ಬೊಬ್ಬರನ್ನೇ ಕೂರಿಸಿದ. ಬೋರಯ್ಯ, ಒಂದು ವರ್ಷ ಮೂರು ತಿಂಗಳು ಹೆಚ್ಚು. ಗೌರಮ್ಮ, ಎರಡು ವರ್ಷ ಒಂಬತ್ತು ತಿಂಗಳು ಹೆಚ್ಚು. ವನಜಾಕ್ಷಿ ಒಂದೊಂದಕ್ಕೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತ ಹೋದಳು. ಎಲ್ಲವೂ ಒಂದೇ ಕಡೆಗೆ ವಾಲುತ್ತಿದ್ದವು. ನಾಲ್ಕೂವರೆಗೆ ಕೊನೆಯ ಮನುಷ್ಯ ಪಾಪಣ್ಣ ಕೂತ. ಇಮ್ತಿಯಾಜ್ ಪರದೆ ನೋಡಿದ, ಮತ್ತೊಮ್ಮೆ ತೆಗೆದ, ಮತ್ತೆ ನೋಡಿದ.

“ವನಜಕ್ಕ, ಇವರದ್ದು ಸರಿಯಾಗೈತೆ.”

“ಸರಿಯಾಗೈತೆ ಅಂದ್ರೆ?”

“ಇವರು ನಿಜವಾಗ್ಲೂ ಜೂನ್ ಒಂದರ ಸುಮಾರಿಗೇ ಹುಟ್ಟಿರೋದು. ಅದೇ ವರ್ಷ.”

ಪಾಪಣ್ಣ ಮಹಾಪರಾಧ ಮಾಡಿದವನ ಹಾಗೆ ಮುಖ ಮಾಡಿಕೊಂಡ. “ನಮ್ಮಪ್ಪಂಗೆ ಬುದ್ಧಿ ಇಲ್ಲ ಕಣ್ರಪ್ಪ,” ಎಂದ. “ಟೈಮಿಗೆ ಸರ್ಯಾಗಿ ಸ್ಕೂಲಿಗೆ ಸೇರಿಸ್ಬಿಟ್ಟ.” ಯಾರೂ ನಗಲಿಲ್ಲ. ಗೆರೆಗಳು ಇಪ್ಪತ್ತೊಂಬತ್ತು. ಐದು ಗಂಟೆಗೆ ಅರ್ಜಿ ಮುಚ್ಚುತ್ತದೆ. ಒಬ್ಬ ಮುದುಕನನ್ನು ಹಾಳು ಮಾಡಿದ್ದು ಸಾಲದು ಅಂತ ಈಗ ಒಂದು ಊರನ್ನೇ ಮುಳುಗಿಸಿದೆನಲ್ಲಾ ಎಂದು ವನಜಾಕ್ಷಿಗೆ ಅಳುವೇ ಬಂತು.

“ಆ ಶಾಲೇಲಿ ಓದಿದೋರು ಇನ್ನ್ಯಾರೂ ಇಲ್ವಾ?” ಎಂದು ಗಟ್ಟಿಯಾಗಿ ಕೇಳಿದಳು.

ಪಾಲಮ್ಮ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಆದರೆ ಅವಳ ಕಣ್ಣು ಕಿಟಕಿಯಾಚೆ ಹೋದದ್ದನ್ನು ವನಜಾಕ್ಷಿ ನೋಡಿದಳು. ಹೊರಗೆ ವ್ಯಾನಿಗೆ ಒರಗಿ ಓಬಳೇಶ ನಿಂತಿದ್ದ.

ಅವಳು ಓಡಿದಳು. “ಓಬಳೇಶ, ನೀವೂ ಅದೇ ಶಾಲೆ ಅಲ್ವಾ?”

“ಗಿರಣೀಲಿ ಐವತ್ತೈದಾದ ಡ್ರೈವರಿಗೆ ಸ್ಟೇರಿಂಗ್ ಕೊಡಲ್ಲ ಮೇಡಂ,” ಎಂದ. “ಗೇಟಲ್ಲಿ ನಿಲ್ಲಿಸ್ತಾರೆ. ಕಾಗದದಾಗೆ ನಂಗೆ ಐವತ್ತನಾಕು. ಹಲ್ಲು ಏನು ಹೇಳ್ತೈತೋ. ಬಸ್ಸು ಬಿಟ್ರೆ ನಂಗೆ ಬೇರೆ ಏನೂ ಬರಲ್ಲ.”

“ವಿಮೆಯೋರು ಗಿರಣಿಗೆ ಹೇಳೋ ಹಾಗಿಲ್ಲ. ನಿಯಮ ಇದೆ,” ಎಂದಳು ವನಜಾಕ್ಷಿ. ಹೇಳುತ್ತಲೇ ತನ್ನ ಮಾತು ತನಗೇ ಪೊಳ್ಳೆನಿಸಿತು. ಹಿಂದೊಮ್ಮೆ ಇಂಥದೇ ಭರವಸೆ ಕೊಟ್ಟವಳು ಅವಳು. “ಹೇಳಲ್ಲ ಅಂತ ನಾನು ಆಣೆ ಮಾಡಲಾರೆ. ನಿಮಗೆ ಬಿಟ್ಟದ್ದು.”

ಒಳಗಿನಿಂದ ಪಾಲಮ್ಮ ಬಂದು ಬಾಗಿಲಲ್ಲಿ ನಿಂತಿದ್ದಳು. “ಬ್ಯಾಡ ಕಣೋ,” ಎಂದಳು. “ಎಡಗೈ ಐತಲ್ಲ ನಂಗೆ. ನಡಿ ಮನೆಗೋಗಾನ.”

ಓಬಳೇಶ ಅಕ್ಕನ ಬಲಗೈ ನೋಡಿದ. ಸೊಂಟದ ಪಕ್ಕದಲ್ಲಿ ನಿಸ್ತ್ರಾಣವಾಗಿ ಇಳಿಬಿದ್ದಿತ್ತು. “ಎರಡು ವರ್ಷ ಬಾಗ್ಲಾಗೆ ನಿಂತಿದ್ದಂತೆ,” ಎಂದ. “ಯಾವತ್ತೂ ಹೇಳ್ಲಿಲ್ವಲ್ಲೇ ಅಕ್ಕ.” ವ್ಯಾನಿನ ಕೀಲಿಯನ್ನು ವನಜಾಕ್ಷಿಯ ಕೈಗೆ ಹಾಕಿ ಒಳಗೆ ನಡೆದ.

ಅವನು ಚೌಕಟ್ಟಿನ ಮೇಲೆ ಗದ್ದ ಇಟ್ಟಾಗ ಮೇಷ್ಟ್ರು ಗಾಲಿಕುರ್ಚಿಯನ್ನು ಹತ್ತಿರ ತಳ್ಳಿಸಿಕೊಂಡರು. “ಯಾರಪ್ಪ ಇದು?” ಎಂದು ಕೇಳಿದರು.

“ಬಗಲಲ್ಲಿದ್ದೋನು ಸಾರ್,” ಎಂದಳು ಪಾಲಮ್ಮ.

ಆರು ಸೆಕೆಂಡು. ಒಂದು ವರ್ಷ ಒಂದು ತಿಂಗಳು ಹೆಚ್ಚು. ಮೂವತ್ತನೆಯ ಗೆರೆ ಎಳೆಯುವಾಗ ಪೆನ್ಸಿಲ್ಲಿನ ಮೊನೆ ಮುರಿಯಿತು. ವನಜಾಕ್ಷಿ ಐದಕ್ಕೆ ಏಳು ನಿಮಿಷ ಇದೆ ಎನ್ನುವಾಗ ಅರ್ಜಿ ಕಳಿಸಿದಳು. ಬಂದವರೆಲ್ಲ ಬಿಲ್ಲಿಂಗ್ ಕೌಂಟರಿನ ಮುಂದೆ ಒತ್ತೊತ್ತಾಗಿ ನಿಂತರು. ಶ್ಯಾನುಭೋಗ ಎಂದೂ ಇಷ್ಟು ಹೊತ್ತು ಯೋಚಿಸಿದ್ದಿಲ್ಲ.

ಆಮೇಲೆ ಪರದೆ ಹಸಿರಾಯಿತು. ವನಜಾಕ್ಷಿ ಗಟ್ಟಿಯಾಗಿ ಓದಿದಳು: “ಮಾಪಕ ದೋಷ ಒಪ್ಪಲಾಗಿದೆ. ಮಾಪಕ: ಎಸ್. ರುದ್ರಮುನಿ. ಈ ಮಾಪಕದ ವಾಲಿದ ಎಲ್ಲ ದಾಖಲೆಗಳನ್ನು ಇನ್ನು ಮುಂದೆ ಹೀಗೆ ತಿದ್ದಿ ಓದಲಾಗುವುದು. ಗಂಡು, ಒಂದು ವರ್ಷ ಎರಡು ತಿಂಗಳು. ಹೆಣ್ಣು, ಎರಡು ವರ್ಷ ಎಂಟು ತಿಂಗಳು.”

ಜನ ಹೋ ಎಂದರು. ಪಾಪಣ್ಣ ಎಲ್ಲರಿಗಿಂತ ಜೋರಾಗಿ ಕೂಗಿದ. ಮೇಷ್ಟ್ರು ಮಾತ್ರ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಹೆಣ್ಣುಮಕ್ಕಳು ಒಂದೂವರೆ ವರ್ಷ ಹೆಚ್ಚು,” ಎಂದರು ವನಜಾಕ್ಷಿಗೆ. “ಯಾರು ಯಾರನ್ನು ಹೊತ್ತಿದ್ದರು ಅಂತ ಯಂತ್ರಕ್ಕೂ ತಿಳೀತು ನೋಡಮ್ಮ.”

ಪಾಲಮ್ಮನ ಸ್ಕ್ಯಾನು ಅದೇ ಸಂಜೆ ಆಯಿತು, ಆಪರೇಷನ್ನು ಮರುವಾರ. ವನಜಾಕ್ಷಿ ಉಳಿದ ಕಡತಗಳನ್ನು ಊರು ಊರಿನ ಪ್ರಕಾರ ಕಟ್ಟಿಟ್ಟು ಬೇರೆ ಮೇಷ್ಟ್ರುಗಳನ್ನು ಹುಡುಕತೊಡಗಿದಳು. ಹಿರಿಯೂರಿನ ಕಡೆಯವರು ಒಬ್ಬರು ಇನ್ನೂ ಇದ್ದಾರೆಂದು ತಿಳಿಯಿತು. ಆ ಮುದುಕನ ರದ್ದಾದ ಪಾಲಿಸಿ ಮತ್ತೆ ಜೀವ ಪಡೆಯುತ್ತದೋ ಇಲ್ಲವೋ ಗೊತ್ತಿರಲಿಲ್ಲ, ಅರ್ಜಿಯಂತೂ ತೆರೆದಿಟ್ಟಳು. ಓಬಳೇಶ ಇನ್ನೂ ಬಸ್ಸು ಓಡಿಸುತ್ತಿದ್ದ. ಪ್ರತಿದಿನ ಬೆಳಿಗ್ಗೆ ಸೆಂಟರಿನ ಮುಂದೆ ಹಾದುಹೋಗುವಾಗ ಒಮ್ಮೆ ಹಾರನ್ ಹೊಡೆಯುತ್ತಿದ್ದ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕೌಂಟರಿನ ಮುಂದೆ ಯಾರೋ ಬಂದು ನಿಂತರು. ವನಜಾಕ್ಷಿ ತಲೆ ಎತ್ತಿದಳು. ಪಾಲಮ್ಮ! ಕತ್ತಿಗೆ ಪಟ್ಟಿ ಇತ್ತು. ಮಾತಾಡಬೇಡ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿ, ಬಲಗೈಯನ್ನು ನಿಧಾನವಾಗಿ ಎತ್ತಿದಳು. ಕೈ ಭುಜದ ಹತ್ತಿರ ನಿಂತಿತು, ನಡುಗಿತು, ಮತ್ತೆ ಎದ್ದಿತು. ತಲೆಯ ಮೇಲಿಂದ ಬಳಸಿ ಆಚೆ ಬದಿಗೆ ಇಳಿಯಿತು. ಸಾಲಿನಲ್ಲಿದ್ದವರೆಲ್ಲ ಇದೇನೆಂದು ತಿಳಿಯದೆ ನೋಡುತ್ತಿದ್ದರು. ನಡುಬೆರಳು ಕಿವಿಯ ಮೇಲೆ ಒಂದಂಗುಲ ದೂರದಲ್ಲಿ ನಿಂತುಬಿಟ್ಟಿತು. ವನಜಾಕ್ಷಿ ತಾನೇ ಕೈ ಎಳೆಯುತ್ತಿದ್ದವಳ ಹಾಗೆ ಉಸಿರು ಬಿಗಿಹಿಡಿದಳು. ಪಾಲಮ್ಮ ತುಟಿ ಕಚ್ಚಿ ಇನ್ನೊಮ್ಮೆ ಎಳೆದಳು, ಬೆರಳು ಎಡಗಿವಿಯ ಓಲೆಗೆ ತಾಗಿತು.

“ಮುಟ್ತು ಕಣವ್ವ,” ಎಂದಳು ಪಾಲಮ್ಮ, ಕೈಯನ್ನು ಇಳಿಸದೆ. “ಈಗ ಬರ್ಕಂತೀಯಾ ಒಂದನೇ ಕ್ಲಾಸಿಗೆ?”